ಊರಿನ ತಂಡವೋ, ಮತದ ತಂಡವೋ?

ಬೇಸಿಗೆ ರಜೆ ಬಂತೆಂದರೆ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್‌ನ ಸುಗ್ಗಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಗೆ ಹೋದರೂ ಕಾಲೇಜಿನ ಅಂಗಳದಲ್ಲೋ ಊರಾಚೆಯ ಬಯಲಿನಲ್ಲೋ ಶಾಮಿಯಾನ ಏಳುತ್ತದೆ. ಮೈಕಿನಲ್ಲಿ ಕಾಮೆಂಟರಿ ಶುರುವಾಗುತ್ತದೆ. ಮೊದಲ ಬಹುಮಾನ ಕೊಡುವ ಮುಖಂಡರ ಭಾವಚಿತ್ರ ಫ್ಲೆಕ್ಸ್ ತುಂಬ ರಾರಾಜಿಸುತ್ತದೆ. ಒಂದು ತಂಡಕ್ಕೆ ಗ್ರಾಮದೇವತೆಯ ಹೆಸರು, ಇನ್ನೊಂದಕ್ಕೆ ಓಣಿಯ ಹೆಸರು, ಮತ್ತೊಂದಕ್ಕೆ ಯಾವುದೋ ಸಂಘಟನೆಯ ಹೆಸರು.

ದೇವರ ಹೆಸರಿಟ್ಟುಕೊಂಡರೆ ತಪ್ಪೇನೂ ಇಲ್ಲ. ಆದರೆ ಆ ಹೆಸರಿನ ಕೆಳಗೆ ಆಡುವ ಹನ್ನೊಂದು ಮಂದಿ ಯಾರು ಎಂಬುದನ್ನು ಕೇಳಲೇಬೇಕು. ನಮ್ಮ ಊರುಗಳ ಓಣಿಗಳು ಜಾತಿಗೊಂದು, ಮತಕ್ಕೊಂದು ಎಂಬಂತೆ ಹಂಚಿಹೋಗಿವೆ. ಹಾಗಾಗಿ ಓಣಿಯಿಂದ ಹೊರಟ ತಂಡ, ಯಾರೂ ಉದ್ದೇಶಪಡದಿದ್ದರೂ, ಒಂದೇ ಮತದ ತಂಡವಾಗಿಬಿಡುತ್ತದೆ. ಸೆಮಿಫೈನಲ್‌ನಲ್ಲಿ ಅಂಥ ಎರಡು ತಂಡಗಳು ಎದುರಾದರೆ ಬೌಂಡರಿ ಗೆರೆಯ ಆಚೆ ನಿಂತ ಜನರೂ ಎರಡಾಗುತ್ತಾರೆ.

ಈ ಜಿಲ್ಲೆಗೆ ಇದು ಕಡೆಗಣಿಸುವ ಮಾತಲ್ಲ. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದದ ಬಿಸಿಗೆ ಹರಿಹರದಲ್ಲಿ ಕಲ್ಲು ತೂರಾಟವಾಯಿತು, ನಿಷೇಧಾಜ್ಞೆ ಬಂತು. 2024ರ ಮೇ ತಿಂಗಳಲ್ಲಿ ಚನ್ನಗಿರಿ ಠಾಣೆಗೆ ಕರೆತಂದಿದ್ದ ಯುವಕನೊಬ್ಬ ಮೃತಪಟ್ಟ ಬಳಿಕ ಉದ್ರಿಕ್ತ ಗುಂಪು ಠಾಣೆಯ ಮೇಲೆ ಎರಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಾವಣಗೆರೆಯ ಗಣೇಶ ಮೆರವಣಿಗೆಯ ವೇಳೆ ಮತ್ತೆ ಕಲ್ಲುಗಳು ಹಾರಿದವು. ಒಂದೊಂದರ ಕಾರಣವೂ ಬೇರೆ. ಆದರೆ ಪ್ರತಿ ಸಲವೂ ಉಳಿದದ್ದು ಅನುಮಾನ. ಅದೇ ಅನುಮಾನ ಮುಂದಿನ ಭಾನುವಾರ ಮೈದಾನಕ್ಕೂ ಬರುತ್ತದೆ.

ಮೈದಾನಕ್ಕೆ ಬಂದ ಅನುಮಾನ ಏನು ಮಾಡಬಲ್ಲದು ಎಂಬುದಕ್ಕೆ ಮಂಗಳೂರಿನ ಕುಡುಪು ಸಾಕ್ಷಿ. 2025ರ ಏಪ್ರಿಲ್ 27, ಪಹಲ್ಗಾಮ್ ದಾಳಿ ನಡೆದು ಐದೇ ದಿನ. ಸ್ಥಳೀಯ ಕ್ರಿಕೆಟ್ ಟೂರ್ನಿ ನಡೆಯುತ್ತಿದ್ದ ಜಾಗದಲ್ಲಿ ಕೇರಳ ಮೂಲದ ಮುಸ್ಲಿಂ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಪಾಕಿಸ್ತಾನದ ಪರ ಘೋಷಣೆ ಕೂಗಿದ ಎಂಬುದು ಆಮೇಲೆ ಕೇಳಿಬಂದ ಆರೋಪ. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಪೊಲೀಸ್ ಇನ್‌ಸ್ಪೆಕ್ಟರ್ ಸೇರಿ ಮೂವರು ಅಮಾನತಾದರು. ಘೋಷಣೆ ಕೂಗಿದ್ದನೋ ಇಲ್ಲವೋ ಎಂಬ ಚರ್ಚೆಯೇ ಇಲ್ಲಿ ಅಸಂಗತ. ಕೂಗಿದ್ದರೂ ವಿಚಾರಿಸಲು ಠಾಣೆ ಇದೆ, ನ್ಯಾಯಾಲಯ ಇದೆ. ಬ್ಯಾಟು ಬಾಲು ಹಿಡಿದು ಆಡಲು ಸೇರಿದವರ ಮಧ್ಯೆ ಒಂದು ಜೀವ ಹೋಯಿತು, ತಡೆಯಬೇಕಾದವರು ತಡೆಯಲಿಲ್ಲ. ಟೂರ್ನಿ ನಡೆಸುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕಾದ ದಿನ ಅದು.

ಮತದ ಹೆಸರಿನಲ್ಲಿ ತಂಡ ಕಟ್ಟುವುದು ಈ ದೇಶಕ್ಕೆ ಹೊಸದಲ್ಲ. ಬಾಂಬೆಯಲ್ಲಿ ಯುರೋಪಿಯನ್ನರು ಮತ್ತು ಪಾರ್ಸಿಗಳ ನಡುವೆ ಶುರುವಾದ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಸೇರಿದರು. 1937ರಲ್ಲಿ ಐದನೆಯ ತಂಡವೂ ಬಂತು. ಕ್ರೈಸ್ತರು ಮೊದಲಾದವರಿದ್ದ ಆ ತಂಡಕ್ಕೆ ಇಟ್ಟ ಹೆಸರು ‘ಉಳಿದವರು’. ವಿಜಯ್ ಹಜಾರೆಯಂಥ ಆಟಗಾರ ಆಡಿದ್ದು ಆ ಉಳಿದವರ ಪರವಾಗಿ. ಒಮ್ಮೆ ತಂಡ ಗಳಿಸಿದ 387 ರನ್‌ಗಳಲ್ಲಿ 309 ಅವರೊಬ್ಬರವೇ. ಎಣಿಕೆಯಲ್ಲಿ ಕೊನೆಗೆ ಉಳಿದವರು ಎಂದು ಕರೆಸಿಕೊಂಡು ಅಷ್ಟು ರನ್ ಹೊಡೆಯಬೇಕಾಗಿ ಬಂದ ಕಾಲ ಅದು.

ಹಿಂದೂ ತಂಡದೊಳಗಿನ ಕಥೆ ಇನ್ನೂ ಕಹಿ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ದಲಿತರು, ಆ ಕಾಲದ ಶ್ರೇಷ್ಠ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಹಿಂದೂಗಳಿಗಾಗಿ ಪಂದ್ಯ ಗೆದ್ದುಕೊಡುತ್ತಿದ್ದ ಅವರಿಗೆ ಪುಣೆಯಲ್ಲಿ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ. ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಪ್ರತಿಭಟಿಸಿ ತಂಡದಿಂದ ಹೊರನಡೆದರು. 1923ರಲ್ಲಿ ವಿಠ್ಠಲರಿಗೆ ಕೊನೆಗೂ ನಾಯಕನ ಪಟ್ಟ ಬಂತು. ಮತದ ತಂಡ ಎದುರಾಳಿಯನ್ನು ಹೊರಗಿಟ್ಟು ಸುಮ್ಮನಾಗುವುದಿಲ್ಲ, ತನ್ನವರಲ್ಲೂ ಮೇಲು ಕೀಳು ಹುಡುಕುತ್ತದೆ. ಜಾತಿಯ ಲೆಕ್ಕ ಇನ್ನೂ ತೀರದ ನಮ್ಮ ತಾಲ್ಲೂಕುಗಳಿಗೆ ಬಾಳೂ ಅವರ ಬದುಕು ದೂರದ್ದಲ್ಲ.

1940ರ ಡಿಸೆಂಬರಿನಲ್ಲಿ ಹಿಂದೂ ತಂಡ ಕಟ್ಟುತ್ತಿದ್ದ ಹಿಂದೂ ಜಿಮ್ಖಾನಾ ಕ್ಲಬ್‌ನವರು ಗಾಂಧೀಜಿಯನ್ನು ಕಂಡು ಬಾಂಬೆಯ ಈ ಟೂರ್ನಿಯ ಬಗ್ಗೆ ಅಭಿಪ್ರಾಯ ಕೇಳಿದರು. ಕಾಲೇಜುಗಳ ನಡುವಿನ ಪಂದ್ಯ ಅರ್ಥವಾಗುತ್ತದೆ, ಹಿಂದೂ, ಪಾರ್ಸಿ, ಮುಸ್ಲಿಂ ಎಂದು ತಂಡಗಳೇಕೆ ಎಂಬುದು ಅವರ ನಿಲುವಾಗಿತ್ತು. ಟೂರ್ನಿ 1946ಕ್ಕೆ ನಿಂತಿತು. ಭಾರತದ ಕ್ರಿಕೆಟ್ ಅದರಿಂದ ಬಡವಾಗಲಿಲ್ಲ. ಪ್ರಾಂತ್ಯಗಳ ತಂಡಗಳ ರಣಜಿ ಟ್ರೋಫಿ ಆ ಜಾಗವನ್ನು ತುಂಬಿತು.

ಅದೇ ರಣಜಿಯಲ್ಲಿ ಬಾಂಬೆಯ ಹದಿನೈದು ವರ್ಷಗಳ ಸತತ ಗೆಲುವಿನ ಓಟವನ್ನು 1974ರಲ್ಲಿ ಮುರಿದದ್ದು ಪ್ರಸನ್ನ ನಾಯಕತ್ವದ ಕರ್ನಾಟಕ. ಆ ದಶಕದ ತಂಡವನ್ನು ನೆನೆಯುವ ಯಾರೂ ವಿಶ್ವನಾಥ್, ಚಂದ್ರಶೇಖರ್, ಕಿರ್ಮಾನಿ, ರೋಜರ್ ಬಿನ್ನಿ ಅವರನ್ನು ಧರ್ಮದ ಪ್ರಕಾರ ವಿಂಗಡಿಸಿ ನೆನೆಯುವುದಿಲ್ಲ. 1983ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು, ಅಂದರೆ 18 ವಿಕೆಟ್ ಪಡೆದವರು ಬಿನ್ನಿ. ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಜೊತೆ ಮುರಿಯದ 126 ರನ್ ಸೇರಿಸಿದವರು ಕಿರ್ಮಾನಿ. ದಾವಣಗೆರೆಯ ಆಟೊ ಚಾಲಕರೊಬ್ಬರ ಮಗ ವಿನಯ್ ಕುಮಾರ್ ಸತತ ಎರಡು ಸಲ, 2014 ಮತ್ತು 2015ರಲ್ಲಿ, ರಣಜಿ ಗೆದ್ದ ಕರ್ನಾಟಕದ ನಾಯಕ. ಆಡಲು ಬಲ್ಲವನಿಗೆ ಜಾಗ ಎಂಬ ಸರಳ ನಿಯಮ ಇಲ್ಲದಿದ್ದರೆ ಇವರಲ್ಲಿ ಅರ್ಧ ಮಂದಿ ನಮಗೆ ಸಿಗುತ್ತಿರಲಿಲ್ಲ.

ಆ ನಿಯಮಕ್ಕೂ ಈಗ ಕಾವಲು ಬೇಕಾಗಿದೆ. 2021ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಕೋಚ್ ಹುದ್ದೆ ಬಿಟ್ಟ ವಾಸಿಂ ಜಾಫರ್ ಮೇಲೆ ಮತೀಯ ಪಕ್ಷಪಾತದ ಆರೋಪ ಹೊರಿಸಿದಾಗ, ಬಹಿರಂಗವಾಗಿ ಅವರ ಪರ ನಿಂತ ಕೆಲವೇ ದೊಡ್ಡ ಆಟಗಾರರಲ್ಲಿ ನಮ್ಮ ಅನಿಲ್ ಕುಂಬ್ಳೆ ಒಬ್ಬರು. ಅದೇ ವರ್ಷ ಅಕ್ಟೋಬರಿನಲ್ಲಿ ಪಾಕಿಸ್ತಾನದ ಎದುರು ಸೋತಾಗ ಮೊಹಮ್ಮದ್ ಶಮಿಗೆ ಬೈಗುಳದ ಮಳೆಯಾಯಿತು, ನಾಯಕ ವಿರಾಟ್ ಕೊಹ್ಲಿ ಅದನ್ನು ಖಂಡಿಸಿದರು. ತಾಲ್ಲೂಕು ಮಟ್ಟದಲ್ಲಿ ಕುಂಬ್ಳೆ, ಕೊಹ್ಲಿ ಇಲ್ಲ. ಅಲ್ಲಿ ಆ ಧ್ವನಿ ಎತ್ತಬೇಕಾದವರು ಆಯೋಜಕರು, ಅಂಪೈರು, ಮೈಕ್ ಹಿಡಿದವರು.

ಸಮುದಾಯದ ಟೂರ್ನಿಗಳೆಲ್ಲ ಕೆಟ್ಟವು ಎಂದರೆ ಅನ್ಯಾಯವಾದೀತು. ಕೊಡಗಿನ ಕರಡದಲ್ಲಿ 1997ರಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಇಂದು ಮುನ್ನೂರು ಕುಟುಂಬಗಳನ್ನು ದಾಟಿದೆ. ಅಲ್ಲಿ ಬಾಂಧವ್ಯ ಇದೆ, ಎದುರಾಳಿಯಾಗಿ ಇನ್ನೊಂದು ಮತ ಇಲ್ಲ. ಅಪಾಯ ಇರುವುದು ಗೆಲುವನ್ನು ಪಕ್ಕದ ಓಣಿಯವರ ಸೋಲು ಎಂದು ಎಣಿಸುವಲ್ಲಿ.

ಗರಡಿಮನೆಯಿಂದ ಕಲಿಯುವುದಿದೆ. ಅಖಾಡದಲ್ಲಿ ಆಂಜನೇಯನ ಪಟವಿರುತ್ತದೆ. ಅದೇ ಮಟ್ಟಿಯಲ್ಲಿ ಮುಸ್ಲಿಂ ಪೈಲ್ವಾನರೂ ಪಟ್ಟು ಕಲಿತಿದ್ದಾರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೊರರಾಜ್ಯದ ಜಟ್ಟಿಗಳೂ ಬರುತ್ತಾರೆ. ಜೋಡಿ ಕಟ್ಟುವುದು ಮೈಕಟ್ಟು, ತೂಕ, ಪಳಗಿದ ವರ್ಷ ನೋಡಿ. 2022ರ ಮಾರ್ಚಿನಲ್ಲಿ ಪಕ್ಕದ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು. ಬಳೆ ಮಾರುವವನಿಗೆ ಜಾಗ ಇಲ್ಲ ಎಂದ ಜಾತ್ರೆ, ನಾಳೆ ಕುಸ್ತಿಗೆ ಬಂದವನಿಗೂ ಜಾಗ ಇಲ್ಲ ಎನ್ನದಂತೆ ಈಗಲೇ ಎಚ್ಚರ ವಹಿಸಬೇಕು.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ತಲೆವಸ್ತ್ರ ತೊಟ್ಟು ಆಡಲು ಫಿಫಾ 2014ರಲ್ಲಿ, ಬ್ಯಾಸ್ಕೆಟ್‌ಬಾಲ್‌ನ ಜಾಗತಿಕ ಸಂಸ್ಥೆ 2017ರಲ್ಲಿ ಒಪ್ಪಿಗೆ ಕೊಟ್ಟವು. ಜಗಳೂರಿನ ಹುಡುಗಿಯೊಬ್ಬಳು ಖೊಖೊ ಆಡಲು ಅಂಥದ್ದೇ ಅನುಕೂಲ ಕೇಳಿದರೆ ದೈಹಿಕ ಶಿಕ್ಷಣ ಶಿಕ್ಷಕರು ಹಿಂದೆಮುಂದೆ ನೋಡಬಾರದು. ಮುಸ್ಲಿಮರಾದ ಜೆ. ಮಹಮದ್ ಇಮಾಂ ಅದೇ ಜಗಳೂರಿನವರು; 1957 ಮತ್ತು 1967ರಲ್ಲಿ ಅವರನ್ನು ಲೋಕಸಭೆಗೆ ಕಳಿಸಿದ ಚಿತ್ರದುರ್ಗ ಕ್ಷೇತ್ರದ ಮತದಾರರಲ್ಲಿ ಹೆಚ್ಚಿನವರು ಹಿಂದೂಗಳು. ಆ ಮಣ್ಣಿಗೆ ಈ ಔದಾರ್ಯ ಹೊಸದಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಹೋಬಳಿಗಳಲ್ಲೂ ಈಗ ಪ್ರೀಮಿಯರ್ ಲೀಗ್‌ಗಳಿವೆ, ಆಟಗಾರರ ಹರಾಜು ನಡೆಯುತ್ತದೆ. ಹರಾಜಿನಲ್ಲಿ ಕೂತ ಮಾಲೀಕ ಸಿಕ್ಸರ್ ಹೊಡೆಯುವವನನ್ನು, ಯಾರ್ಕರ್ ಹಾಕುವವನನ್ನು ಹುಡುಕುತ್ತಾನೆ. ಈ ಪದ್ಧತಿ ಎಲ್ಲ ಟೂರ್ನಿಗಳಿಗೂ ಬರಲಿ. ದುಡ್ಡಿಲ್ಲದ ಕಡೆ ಚೀಟಿ ಎತ್ತಿ ತಂಡ ಕಟ್ಟಲಿ. ಸರ್ಕಾರಿ ಮೈದಾನಕ್ಕೆ ಅನುಮತಿ ಕೊಡುವ ಅಧಿಕಾರಿಗಳು ಒಂದೇ ಮತದ ತಂಡಗಳಿಗೆ ಅವಕಾಶವಿಲ್ಲ ಎಂಬ ಷರತ್ತು ಹಾಕಲಿ. ಬಹುಮಾನ ಪ್ರಾಯೋಜಿಸುವ ಶಾಸಕರು, ಮುಖಂಡರು ತಾವೂ ಅದನ್ನು ಕೇಳಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಆಯೋಜಕರು ಬರುವ ಬೇಸಿಗೆಯ ಟೂರ್ನಿಯಿಂದಲೇ ಇದನ್ನು ಜಾರಿಗೆ ತರಬೇಕು.