ಎಣ್ಣೆ ಬಂತು, ಉಕ್ರೇನ್ ಬರಲಿಲ್ಲ

ಕೊಟ್ಟೂರಿನಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಮಿರ್ಚಿ ಇಲ್ಲದೆ ಪೂರ್ತಿಯಾಗುವುದಿಲ್ಲ. ಎಣ್ಣೆ ತುಟ್ಟಿಯಾದಾಗ ಅಂಗಡಿಯವರು ದರ ಏರಿಸಲು ಹಿಂಜರಿಯುತ್ತಾರೆ. ಮಿರ್ಚಿಯೇ ಒಂದು ಸುತ್ತು ಸಣ್ಣದಾಗುತ್ತದೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದಾಗ ಅದರ ಬಿಸಿ ಈ ಬಾಣಲೆಗಳಿಗೂ ತಟ್ಟಿತು. ಅಲ್ಲಿಯವರೆಗೆ ಭಾರತ ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು.

ಈ ಬೆಳೆಯೇನೂ ನಮಗೆ ಹೊಸದಲ್ಲ. ಸುಮಾರು 1969ರಿಂದೀಚೆಗೆ ಸೋವಿಯತ್ ಒಕ್ಕೂಟದಿಂದ ತಂದ ಸೂರ್ಯಕಾಂತಿ ತಳಿಗಳು ಕರ್ನಾಟಕದ ಎರೆ ಹೊಲಗಳಿಗೆ ಇಳಿದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್-1 ಎಂಬ ಹೈಬ್ರಿಡ್ ಬಿಡುಗಡೆ ಮಾಡಿತು. ಆಮೇಲೆ ರೋಗ, ಅಗ್ಗದ ಆಮದು, ಮೆಕ್ಕೆಜೋಳದ ಆಕರ್ಷಣೆ ಸೇರಿ ಸೂರ್ಯಕಾಂತಿ ಹಿಂದೆ ಸರಿಯಿತು. ಉಕ್ರೇನಿನಿಂದ ನಮ್ಮ ಬಾಣಲೆವರೆಗಿನ ಈ ಹಾದಿಯಲ್ಲಿ ಮ್ಯಾನೇಜ್‌ಮೆಂಟ್ ಓದುವ ಹುಡುಗ ಪೂರೈಕೆ ಸರಪಳಿಯನ್ನು ಥಟ್ಟನೆ ಗುರುತಿಸುತ್ತಾನೆ. ಸರಪಳಿಯ ಆ ತುದಿಯಲ್ಲಿ ಇರುವವರು ಯಾವ ಮಾತಾಡುತ್ತಾರೆ, ಯಾವಾಗ ಹಬ್ಬ ಮಾಡುತ್ತಾರೆ, ಯಾವ ಮಾತಿಗೆ ನೋಯುತ್ತಾರೆ ಎಂದು ಕೇಳಿದರೆ ‘ಯುರೋಪಿನವರು’ ಎಂದು ಸುಮ್ಮನಾಗುತ್ತಾನೆ.

ತಪ್ಪು ಅವನದಲ್ಲ. ಎಂಬಿಎ ತರಗತಿಯಲ್ಲಿ ಸಂಸ್ಕೃತಿ ಎಂದರೆ ಅಂಕಪಟ್ಟಿ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೀಡ್ ಐಬಿಎಂ ಕಂಪನಿಯ ನಾನಾ ದೇಶಗಳ ನೌಕರರ ಉತ್ತರಗಳನ್ನು ಆಧರಿಸಿ 1980ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಪಾಠದ ಬುನಾದಿ. ಅದರಲ್ಲಿ ಯುಗೊಸ್ಲಾವಿಯಾ ಒಂದೇ ಸಾಲು. ದೇಶ ಒಡೆದ ಮೇಲೆ ಅವೇ ಉತ್ತರಗಳನ್ನು ಸ್ಲೊವೇನಿಯಾ, ಕ್ರೊಯೇಷಿಯಾ, ಸರ್ಬಿಯಾ ಎಂದು ಬಿಡಿಸಬೇಕಾಯಿತು. 62 ಸಮಾಜಗಳ ಸಂಸ್ಕೃತಿಯನ್ನು ಅಳೆದ ‘ಗ್ಲೋಬ್’ ಅಧ್ಯಯನ 2004ರಲ್ಲಿ ಗ್ರಂಥವಾಗಿ ಬಂದಾಗ ಅದರ ಪೂರ್ವ ಯುರೋಪ್ ಗುಂಪಿನಲ್ಲಿ ರಷ್ಯಾ, ಪೋಲೆಂಡ್, ಕಜಾಕಸ್ತಾನ ಇದ್ದವು, ಉಕ್ರೇನ್ ಇರಲಿಲ್ಲ.

ಹೀಗೆ ಕಾಣದಂತಾಗುವುದು ಉಕ್ರೇನಿಗೆ ಹಳೆಯ ಅನುಭವ. 1876ರಲ್ಲಿ ರಷ್ಯಾದ ಜಾರ್ ದೊರೆ ಉಕ್ರೇನಿಯನ್ ಭಾಷೆಯ ಪುಸ್ತಕ ಪ್ರಕಟಣೆಯನ್ನೇ ಬಹುಮಟ್ಟಿಗೆ ನಿಷೇಧಿಸಿದ್ದ. ಉಕ್ರೇನಿನ ಸಂಗೀತ ಸಂಯೋಜಕ ಮಿಕೊಲಾ ಲಿಯೊಂಟೊವಿಚ್ ಅಳವಡಿಸಿದ ‘ಶೆದ್ರಿಕ್’ ಹಾಡು ಮೊದಲು ಕೇಳಿಸಿದ್ದು 1916ರಲ್ಲಿ, ಕೀವ್‌ನಲ್ಲಿ. ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬಂದು ಹಾಡುವ ನಮ್ಮ ಹೆಂಗಸರ ಪದಗಳಂತೆ ಅದರ ಮೂಲವೂ ಮನೆಗೆ ಸಮೃದ್ಧಿ ಕೋರುವ ಜನಪದ ಹಾಡು. 1936ರಲ್ಲಿ ಇಂಗ್ಲಿಷ್ ಸಾಹಿತ್ಯ ಹೊಂದಿಸಿದ ಮೇಲೆ ಅದು ‘ಕ್ಯಾರಲ್ ಆಫ್ ದಿ ಬೆಲ್ಸ್’ ಆಗಿ, ಕ್ರಿಸ್‌ಮಸ್ ಮಾರಾಟದ ಮಳಿಗೆಗಳಲ್ಲೆಲ್ಲ ಮೊಳಗಿತು. ಹಾಡು ಲೋಕಕ್ಕೆ ಸಿಕ್ಕಿತು, ಹಾಡಿದವರ ಊರು ಮರೆತುಹೋಯಿತು.

ಇದರಿಂದ ವ್ಯಾಪಾರಕ್ಕೇನು ಎಂದು ಕೇಳುವವರಿಗೆ ಎರಡು ಸಂಗತಿ. 2021ರ ಜನವರಿ 16ರಿಂದ ಉಕ್ರೇನಿನಲ್ಲಿ ಗ್ರಾಹಕರಿಗೆ ಉಕ್ರೇನಿಯನ್ ಭಾಷೆಯಲ್ಲಿ ಸೇವೆ ನೀಡುವುದು ಕಾನೂನಿನ ಕಟ್ಟಳೆ. 2023ರಿಂದ ಕ್ರಿಸ್‌ಮಸ್ ರಜೆ ಜನವರಿ 7ರ ಬದಲು ಡಿಸೆಂಬರ್ 25ಕ್ಕೆ ಬಂದಿದೆ. ಹಳೆಯ ಸೋವಿಯತ್ ತಿಳಿವಳಿಕೆ ಹೊತ್ತು ರಷ್ಯನ್ ಕರಪತ್ರ ಅಚ್ಚು ಹಾಕಿಸಿ ಹೊರಟ ಕಂಪನಿಗೆ ಬಾಗಿಲಲ್ಲೇ ಎಡವಟ್ಟು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮಕ್ಕೆ 2024ರಲ್ಲಿ ಕರ್ನಾಟಕ ಕಾನೂನಿನ ಬಲ ಕೊಟ್ಟದ್ದನ್ನು ಕಂಡ ನಮ್ಮ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಟ್ಟೂರು ಸೇರಿದ ಬಳ್ಳಾರಿ ಸೀಮೆಯ ಮಕ್ಕಳಿಗೆ ಇನ್ನೂ ಒಂದು ಅನುಕೂಲವಿದೆ. ಬೇರೆಯವರು ಬರೆದ ಪಟ್ಟಿಯೊಳಗೆ ಬದುಕುವುದು ಹೇಗೆಂದು ಅವರ ಮನೆತನಗಳಿಗೇ ಗೊತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮುಂದೆ ಒಂದೂವರೆ ಶತಮಾನ ಮದ್ರಾಸಿನ ಆಡಳಿತ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ. ಆದರೂ ‘ಹೈದರಾಬಾದ್ ಕರ್ನಾಟಕ’ದ ಲೆಕ್ಕಕ್ಕೆ ಸೇರಿ, 2019ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಫಲಕಗಳು ಬದಲಾದವು, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕಕ್ಕೆ ಸುತ್ತಲಿನ ರೈತರು ಕಿವಿಗೊಡುವುದು ಬದಲಾಗಲಿಲ್ಲ.

ಹೋಲಿಕೆಗೂ ಮಿತಿಯಿದೆ. ನಮ್ಮಲ್ಲಿ ಬದಲಾದದ್ದು ಆಡಳಿತದ ಗೆರೆ. ಅಲ್ಲಿ ಆ ಗೆರೆಗಾಗಿ ರಕ್ತ ಹರಿಯುತ್ತಿದೆ. ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದದ್ದೂ ಆ ಯುದ್ಧದಲ್ಲೇ, 2022ರ ಮಾರ್ಚ್ 1ರಂದು. ಉಕ್ರೇನ್ ಕೂಡ ಒಂದೇ ಅಚ್ಚಿನದಲ್ಲ: ಪಶ್ಚಿಮದ ಲ್ವಿವ್ 1918ರವರೆಗೆ ಆಸ್ಟ್ರಿಯಾ-ಹಂಗರಿಯದು, ಪೂರ್ವದ ಖಾರ್ಕಿವ್ ಬೀದಿಗಳಲ್ಲಿ ರಷ್ಯನ್ ಮಾತು ಬಲವಾಗಿತ್ತು. ‘ಯುರೋಪ್’ ಎಂಬ ಕಟ್ಟನ್ನು ಬಿಚ್ಚಿ ‘ಉಕ್ರೇನ್’ ಎಂಬ ಇನ್ನೊಂದು ಕಟ್ಟು ಕಟ್ಟಿಕೊಂಡರೆ ಓದು ಅರ್ಧಕ್ಕೇ ನಿಂತಂತೆ.

ಆದ್ದರಿಂದ ಪಠ್ಯಕ್ಕೆ ಹೊಸ ಅಧ್ಯಾಯ ಸೇರಿಸುವುದಕ್ಕಿಂತ ಓದುವ ಕ್ರಮ ತಿದ್ದುವುದು ಮೇಲು. ಎಂಬಿಎ ವಿದ್ಯಾರ್ಥಿ ಮೊದಲು ಒಂದು ವಾರ ಕೊಟ್ಟೂರಿನ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಕೂರಲಿ. ಬೀಜ-ಗೊಬ್ಬರಕ್ಕೆ ಕೊಟ್ಟ ಮುಂಗಡ ಹೇಗೆ ರೈತನ ಫಸಲನ್ನು ಅದೇ ಅಂಗಡಿಗೆ ಎಳೆದು ತರುತ್ತದೆ, ಕಾಗದವಿಲ್ಲದ ನಂಬಿಕೆ ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರೆದುಕೊಳ್ಳಲಿ. ಅದೇ ಪ್ರಶ್ನೆಗಳನ್ನು ಹಿಡಿದು ಎಣ್ಣೆ ಸಾಗುವ ಒಡೆಸಾ ಬಂದರಿನ ಬಗ್ಗೆ ಓದಲಿ.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೆ ಹೆಸರು ಕೇಳುವ ಮೊದಲೇ ‘ಯಾವೂರ್ರೀ ನಿಮ್ದು?’ ಎನ್ನುತ್ತಾರೆ. ‘ಯುರೋಪಿನ ಗ್ರಾಹಕ’ನ ಬಗ್ಗೆ ಕೇಸ್ ಸ್ಟಡಿ ಕೈಗೆ ಬಂದಾಗಲೂ ಮೊದಲು ಕೇಳಬೇಕಾದ್ದು ಅದನ್ನೇ.