ಗೋಡೆಗೆ ಪರಿಹಾರ, ಮನಸ್ಸಿಗೆ ಉಪದೇಶ

ಮಳೆಗಾಲ ಬಂತೆಂದರೆ ಚಾರ್ಮಾಡಿ ಘಾಟಿಯ ಜಲಪಾತ ನೋಡಲು ದೂರದೂರಿನ ಕಾರುಗಳು ಸಾಲುಗಟ್ಟುತ್ತವೆ. ಅದೇ ಮಳೆಗೆ ಘಾಟಿಯ ಬುಡದ ಊರುಗಳಲ್ಲಿ ರಾತ್ರಿಯಿಡೀ ಕಣ್ಣು ಮುಚ್ಚದೆ ಕೂರುವವರೂ ಇದ್ದಾರೆ. ನಾವು ಬಲ್ಲ ಒಬ್ಬ ತಾಯಿ ಜೂನ್ ಬಂದೊಡನೆ ರೇಷನ್ ಕಾರ್ಡು, ಜಾಗದ ಪತ್ರ, ಮಗಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ತೂಗುಹಾಕುತ್ತಾರೆ. ಅದು ಕೆಳಗಿಳಿಯುವುದು ದೀಪಾವಳಿ ಕಳೆದ ಮೇಲೆ. ನೆರೆಯವರು ನಗುತ್ತಾರೆ: "ಅವರಿಗೆ ಮಂಡೆ ಸಮ ಇಲ್ಲ."

ಮಂಡೆ ಸಮ ಇಲ್ಲದಿರುವುದು ಯಾರಿಗೆ ಎಂಬುದೇ ನಮ್ಮ ಪ್ರಶ್ನೆ.

2019ರ ಆಗಸ್ಟ್. ಒಂದು ಕಡೆ ವರಮಹಾಲಕ್ಷ್ಮಿ ಹಬ್ಬ, ಇನ್ನೊಂದು ಕಡೆ ಬಕ್ರೀದಿನ ಸಿದ್ಧತೆ. ಆ ದಿನಗಳಲ್ಲೇ ಗುಡ್ಡ ಜರಿಯಿತು. ಮೃತ್ಯುಂಜಯ ಎಂಬ ಹೆಸರು ಹೊತ್ತ ನದಿ ಮರಗಳನ್ನೂ ಬಂಡೆಗಳನ್ನೂ ಹೊತ್ತು ತಂದಿತು. ಕೊಳಂಬೆಯಲ್ಲಿ ಮನೆಗಳು ಹೋದವು, ಗದ್ದೆ ತೋಟಗಳ ಮೇಲೆ ಮರಳು ನಿಂತಿತು. ಘಾಟಿ ರಸ್ತೆ ಘನ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತ್ತು.

ಯಾರೂ ಏನೂ ಮಾಡಲಿಲ್ಲ ಎಂದರೆ ಸುಳ್ಳಾದೀತು. ಪೂರ್ತಿ ಕುಸಿದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಉಜಿರೆಯ 'ಬದುಕು ಕಟ್ಟೋಣ ಬನ್ನಿ' ತಂಡದ ಯುವಕರು ಕೊಳಂಬೆಯಲ್ಲಿ ಮರಳು ಎತ್ತಿದರು, ಮನೆ ಕಟ್ಟಲು ಹೆಗಲು ಕೊಟ್ಟರು. ಜಾತಿ ಧರ್ಮ ನೋಡದೆ ಊರು ಅನ್ನ ಬಡಿಸಿತು. ಇದಕ್ಕೆಲ್ಲ ನಾವು ಋಣಿಗಳು.

ಆದರೆ ಸರಕಾರದ ಪರಿಹಾರ ಪಟ್ಟಿ ನೋಡಿ. ಗೋಡೆಗೆ ಇಷ್ಟು, ಹಸುವಿಗೆ ಇಷ್ಟು, ಗದ್ದೆಯ ಹೂಳಿಗೆ ಹೆಕ್ಟೇರಿಗೆ ಇಷ್ಟು. ಹೂಳು ತುಂಬಿದ ಮನಸ್ಸಿಗೆ? ಅದಕ್ಕೆ ಸಿಕ್ಕಿದ್ದು ಉಪದೇಶ ಮಾತ್ರ. ನಮ್ಮವರು "ಸಬರ್ ಮಾಡಿ" ಎಂದರು, ಪಕ್ಕದ ಮನೆಯವರು "ಹಣೆಬರಹ" ಎಂದರು. ಮಾತು ಬೇರೆ, ಅರ್ಥ ಒಂದೇ: ಸುಮ್ಮನಿರಿ, ನಿಮ್ಮ ಅಳು ನಮಗೆ ಕಿರಿಕಿರಿ.

ಸಬರ್ ಎಂದರೆ ಬಾಯಿಗೆ ಬೀಗವೆಂದು ಹೇಳಿಕೊಟ್ಟವರು ಯಾರು? ಸಹನೆಗೆ ನಾವು ಉದಾಹರಣೆ ಕೊಡುವ ಪ್ರವಾದಿ ಯಾಕೂಬ್(ಅ) ಮಗನಿಗಾಗಿ ಅತ್ತು ಅತ್ತು ಕಣ್ಣುಗಳೇ ಬೆಳ್ಳಗಾದವು. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ) ಎಲ್ಲರೆದುರೇ ಕಣ್ಣೀರಿಟ್ಟರು. ಅವರಿಗಿಲ್ಲದ ನಾಚಿಕೆಯನ್ನು ಚಾರ್ಮಾಡಿಯ ಬಡ ತಾಯಿಯ ಮೇಲೆ ಹೇರಲು ನಾವು ಯಾರು?

"ಕಾಲವೇ ಮದ್ದು" ಎನ್ನುವವರಿದ್ದಾರೆ. ಅರ್ಧ ನಿಜ. ಹತ್ತಿರದವರ ಆಸರೆ, ನಿದ್ದೆ, ನಿತ್ಯದ ಕೆಲಸ ಮರಳಿ ಸಿಕ್ಕರೆ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಿಗೆ ತಿಂಗಳು, ವರ್ಷ ಕಳೆದರೂ ಅದೇ ದೃಶ್ಯ ಕಣ್ಣ ಮುಂದೆ ಬರುತ್ತದೆ, ಮಳೆಯ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. ಅದು ಹುಚ್ಚಲ್ಲ, ಈಮಾನಿನ ಕೊರತೆಯೂ ಅಲ್ಲ. ಚಿಕಿತ್ಸೆಯಿರುವ ಗಾಯ.

ಇದು ಸರಕಾರಕ್ಕೆ ತಿಳಿಯದ್ದಲ್ಲ. ವಿಕೋಪದಲ್ಲಿ ನೊಂದವರ ಮನಸ್ಸಿನ ಆರೈಕೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗ ಗುರುತಿಸಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ಬಳ್ಳಾರಿಯಲ್ಲಿ ತೋರಿಸಿಕೊಟ್ಟಿತು. ದಾರಿ ಇದೆ; ನಡೆಯುವವರು ಬೇಕು.

ತಪ್ಪು ನಮ್ಮದೂ ಇದೆ. ಕತೆ ಬರೆಯುವ ನಾವು ನೆರೆ ಇಳಿದ ಮೇಲೆ ಅಲ್ಲಿಗೆ ಹೋಗಿ, "ನೀರು ನುಗ್ಗಿದಾಗ ಹೇಗನಿಸಿತು?" ಎಂದು ಆ ತಾಯಿಯನ್ನು ಕೇಳಿದೆವು. ಅವರು ಹೇಳಿದರು, ನಾವು ಬರೆದುಕೊಂಡೆವು, ಬಸ್ಸು ಹತ್ತಿದೆವು. ಆ ರಾತ್ರಿ ಅವರು ನಿದ್ದೆ ಮಾಡಿದರೇ ಎಂದು ಕೇಳಲು ನಮಗೆ ತೋಚಲೇ ಇಲ್ಲ. ಗಾಯ ಕೆದಕುವುದು ಆರೈಕೆಯಲ್ಲ. ಅವರಾಗಿ ಹೇಳಿದಾಗ ಕೇಳುವುದು, ಹೇಳದಿದ್ದರೆ ಪಕ್ಕದಲ್ಲಿ ಕೂರುವುದು ಆರೈಕೆ.

ಇದು ಚಾರ್ಮಾಡಿಯೊಂದರ ಮಾತಲ್ಲ. 2018ರ ಕೊಡಗು, 2024ರ ಶಿರೂರು, ಅದೇ ವರ್ಷದ ವಯನಾಡಿನಲ್ಲಿ ಬದುಕುಳಿದವರ ಮಾತೂ ಹೌದು. ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಮಳೆಗಾಲದ ಮೊದಲು ಆಶಾ ಕಾರ್ಯಕರ್ತೆ ಈ ಮನೆಗಳಿಗೆ ಹೋಗಿ "ನಿದ್ದೆ ಬರುತ್ತದೆಯೇ?" ಎಂದು ಕೇಳಲಿ. ಕೇಳಿದ ಮೇಲೆ ಕಳಿಸಲು ತಾಲೂಕು ಆಸ್ಪತ್ರೆಯಲ್ಲಿ ಒಬ್ಬ ಆಪ್ತಸಮಾಲೋಚಕರಿರಲಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಎಂಬ ಉಚಿತ ಸಂಖ್ಯೆಯನ್ನು ಮಸೀದಿಯ ಜುಮಾದಲ್ಲೂ ಭಜನಾ ಮಂದಿರದಲ್ಲೂ ಓದಿ ಹೇಳಲಿ.

ಅಷ್ಟನ್ನೂ ಮಾಡಲಾಗದಿದ್ದರೆ, ಕನಿಷ್ಠ ಆ ಚೀಲ ನೋಡಿ ನಗುವುದನ್ನಾದರೂ ನಿಲ್ಲಿಸೋಣ.