ಪುಣ್ಯ ಬೇಡ, ನಾಲ್ಕು ತಾಸು ಕೊಡಿ

‘ಭಾಳ ಪುಣ್ಯಾ ಕಟ್ಕೊಂಡ್ರಿ ನೀವು.’

ಪುಣೆಗೆ ಬಂದ ಮೇಲೆ ನನ್ನ ಕಿವಿಗೆ ಅತಿ ಹೆಚ್ಚು ಸಲ ಬಿದ್ದ ಕನ್ನಡ ವಾಕ್ಯ ಇದು. ಧಾರವಾಡದ ಮೈದುನ ಹೇಳುತ್ತಾನೆ, ಬಾಗಲಕೋಟೆಯ ನಾದಿನಿ ಹೇಳುತ್ತಾಳೆ, ಹಬ್ಬಕ್ಕೊಮ್ಮೆ ನೆನಪಿಸಿಕೊಳ್ಳುವ ದೂರದ ಬಳಗವೂ ಹೇಳುತ್ತದೆ. ಹೇಳಿ ಫೋನ್ ಇಡುತ್ತಾರೆ. ಆಮೇಲೆ ಮನೆಯಲ್ಲಿ ಉಳಿಯುವವರು ನಾನು ಮತ್ತು ನನ್ನ ಅತ್ತೆ.

ಅತ್ತೆಗೆ ಡಿಮೆನ್ಶಿಯಾ. ನಮ್ಮ ಕಡೆ ‘ಅರಳು ಮರಳು’ ಅಂದು ಮಾತು ಮುಗಿಸಿಬಿಡುತ್ತಾರೆ. ಆರು ವರ್ಷದ ಹಿಂದೆ ಮಾವ ತೀರಿಕೊಂಡಾಗ ‘ಪುಣೆದಾಗ ದೊಡ್ಡ ದವಾಖಾನಿ ಅದಾವ, ಅಲ್ಲೇ ಇರ್ಲಿ’ ಎಂದು ಎಲ್ಲರೂ ಕೂತು ತೀರ್ಮಾನ ಮಾಡಿದರು. ದವಾಖಾನೆಗಳು ದೊಡ್ಡವೇ, ಸುಳ್ಳಲ್ಲ. ಆದರೆ ಡಾಕ್ಟರು ನೋಡುವುದು ಮೂರು ತಿಂಗಳಿಗೊಮ್ಮೆ, ಅದೂ ಹದಿನೈದು ನಿಮಿಷ. ನನ್ನ ಯಜಮಾನರು ಬೆಳಿಗ್ಗೆ ಎಂಟಕ್ಕೆ ಹಿಂಜವಡಿಯ ಬಸ್ ಹತ್ತಿದರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಉಳಿದ ಹೊತ್ತಿನ ಲೆಕ್ಕ ನೀವೇ ಹಾಕಿಕೊಳ್ಳಿ.

ಆಳು ಇಟ್ಟುಕೊಳ್ಳಬಾರದೇ ಅಂತೀರಿ. ಇಟ್ಟೆವು. ಬ್ಯೂರೋದಿಂದ ಒಬ್ಬ ಮಾವಶಿ ಬಂದಳು, ಒಳ್ಳೆಯ ಹೆಂಗಸು. ಅತ್ತೆ ಇಲ್ಲಿ ಬಂದು ಕಲಿತಿದ್ದ ನಾಲ್ಕು ಮರಾಠಿ ಮಾತು ಅಷ್ಟೊತ್ತಿಗಾಗಲೇ ಅಳಿಸಿಹೋಗಿದ್ದವು, ಹುಟ್ಟುಭಾಷೆಯೊಂದೇ ಉಳಿದಿತ್ತು. ‘ಬಯಲ ಕಡಿ ಹೋಗ್ಬೇಕು’ ಅಂದರು. ಮಾವಶಿ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ ಗಾಳಿಗೆ ಕೂರಿಸಿದಳು! ಮುಂದಿನದ್ದು ಹೇಳಬೇಕಿಲ್ಲ. ಅತ್ತೆಗೆ ಅವಮಾನ, ಅವಳಿಗೆ ಗಾಬರಿ. ನಾಲ್ಕನೇ ದಿನ ಅವಳು ಬರಲಿಲ್ಲ.

ಒಂಟಿತನ ಅನ್ನುವುದು ಒಂದೇ ದಿನ ಬಾಗಿಲು ಬಡಿದು ಬರುವುದಿಲ್ಲ. ಮೊದಲು ಶನಿವಾರದ ಭಜನೆ ಬಿಟ್ಟೆ. ಆಮೇಲೆ ಸಂತೆ. ಆಮೇಲೆ ಮದುವೆ, ಮುಂಜಿವೆ. ಎರಡು ವರ್ಷಕ್ಕೆ ಜನ ಕರೆಯುವುದನ್ನೇ ನಿಲ್ಲಿಸಿದರು. ಸಿಟ್ಟಿನಿಂದಲ್ಲ, ಕರುಣೆಯಿಂದ. ‘ಪಾಪ, ಆಕಿಗೆ ಬರಾಕಾಗಂಗಿಲ್ಲ, ಸುಮ್ನ ಯಾಕ ಕರದು ನೋಯಿಸೂದು?’ ಎಂದು. ಒಂದು ಮಧ್ಯಾಹ್ನ ಕ್ರೆಡಿಟ್ ಕಾರ್ಡ್ ಮಾರುವ ಹುಡುಗಿ ಬೆಂಗಳೂರಿನಿಂದ ಫೋನ್ ಮಾಡಿದಳು, ಕನ್ನಡದಲ್ಲಿ. ಇಪ್ಪತ್ತು ನಿಮಿಷ ಅವಳನ್ನು ಬಿಡಲಿಲ್ಲ ನಾನು. ಕೊನೆಗೆ ಅವಳೇ ‘ಮೇಡಂ, ಬೇರೆ ಕಾಲ್ಸ್ ಇವೆ’ ಅಂದಳು. ಫೋನ್ ಇಟ್ಟ ಮೇಲೆ ನನಗೆ ನನ್ನದೇ ಹೆದರಿಕೆಯಾಯಿತು.

ಇನ್ನೊಂದು ಸಂಗತಿ. ಇಲ್ಲಿನ ಒಂದು ಕನ್ನಡ ಬಳಗ (ಹೆಸರು ಬೇಡ ಬಿಡಿ) ರಾಜ್ಯೋತ್ಸವದಲ್ಲಿ ನನಗೆ ಸನ್ಮಾನ ಮಾಡುತ್ತೇವೆ ಅಂದರು. ಮಾತೃಸೇವೆಗಾಗಿ! ನಾನು ಕೇಳಿದ್ದು ಒಂದೇ: ‘ಬರ್ತೀನಿ. ಆ ಮೂರು ತಾಸು ಅತ್ತೆ ಹತ್ರ ಕೂಡೋದಕ್ಕೆ ಯಾರನ್ನಾದರೂ ಕಳಿಸ್ತೀರಾ?’ ಆ ಕಡೆ ಮೌನ. ಎಲ್ಲರಿಗೂ ಕಾರ್ಯಕ್ರಮದ ಕೆಲಸ ಇತ್ತಂತೆ. ಶಾಲು, ಹಣ್ಣಿನ ಬುಟ್ಟಿ ಮನೆಗೇ ಬಂದವು. ಶಾಲು ಅತ್ತೆ ಹೊದ್ದುಕೊಂಡಿದ್ದಾರೆ.

‘ನಮ್ಮ ಸಂಸ್ಕೃತಿಯೊಳಗ ಇದಕ್ಕೆಲ್ಲ ಸಹಾಯ ಯಾಕ್ರೀ, ವಿಲಾಯತಿಯವರ ಹಂಗ?’ ಎಂದು ಕೇಳುವವರಿದ್ದಾರೆ. ಸ್ವಾಮಿ, ನನ್ನ ಅಜ್ಜಿಯೂ ಅರಳು ಮರಳಾಗಿ ಹೋದವಳು. ಅವಳನ್ನು ನೋಡಿಕೊಂಡದ್ದು ಸಂಸ್ಕೃತಿಯಲ್ಲ, ಮನೆತುಂಬ ಇದ್ದ ಏಳು ಜನ ಹೆಂಗಸರು. ಒಬ್ಬಳು ಉಣಿಸಿದರೆ ಇನ್ನೊಬ್ಬಳು ಸೀರೆ ಬದಲಿಸುತ್ತಿದ್ದಳು, ಮೂರನೆಯವಳು ಕಟ್ಟೆಗೆ ಹೋಗಿ ಹರಟೆ ಹೊಡೆದು ಬರುತ್ತಿದ್ದಳು. ಆ ಏಳು ಜನರ ಕೆಲಸವನ್ನು ಎರಡನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಒಬ್ಬಳ ತಲೆಗೆ ಕಟ್ಟಿ, ಅದಕ್ಕೂ ಅದೇ ಹಳೆಯ ಹೆಸರು ಇಟ್ಟುಕೊಂಡಿದ್ದೇವೆ.

ಸರ್ಕಾರದ ಕಣ್ಣಿಗೂ ನಾವು ಬಿದ್ದಿಲ್ಲ ಅನ್ನಬೇಕು. 2007ರ ಹಿರಿಯ ನಾಗರಿಕರ ಕಾಯ್ದೆ ತಂದೆತಾಯಿಯನ್ನು ಬೀದಿಗೆ ಬಿಟ್ಟವರಿಗೆ ಮೂರು ತಿಂಗಳವರೆಗೆ ಜೈಲು ಅನ್ನುತ್ತದೆ. ಸರಿಯೇ. ಬಿಡದೆ ನೋಡಿಕೊಳ್ಳುವವಳು ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋದರೆ ಮನೆಯಲ್ಲಿ ಯಾರು ಅನ್ನುವ ಪ್ರಶ್ನೆ ಅದರಲ್ಲಿಲ್ಲ. ಇಂಗ್ಲೆಂಡಿನಲ್ಲಿ 1995ರಲ್ಲೇ ಆರೈಕೆ ಮಾಡುವವರಿಗಾಗಿ ಕಾನೂನು ಬಂತು. 2014ರ ಕಾಯ್ದೆಯ ಪ್ರಕಾರ, ಅವರಿಗೇನು ಬೇಕು ಎಂದು ಸ್ಥಳೀಯ ಆಡಳಿತ ಹೋಗಿ ವಿಚಾರಿಸಲೇಬೇಕು. ಕರ್ನಾಟಕ 2024-25ರ ಬಜೆಟ್ಟಿನಲ್ಲಿ ಪಾರ್ಕಿನ್ಸನ್ಸ್, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ಸಣ್ಣದು, ಆದರೆ ನಾವೂ ಇದ್ದೇವೆ ಅಂತ ಬರೆದುಕೊಂಡರಲ್ಲ, ಅದು ದೊಡ್ಡದು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಡಿಮೆನ್ಶಿಯಾ ಇರುವ ಹಿರಿಯರೇ 88 ಲಕ್ಷ. ಒಬ್ಬೊಬ್ಬರ ಹಿಂದೆ ಒಬ್ಬೊಬ್ಬಳು ಅಂದುಕೊಂಡರೂ ಎಷ್ಟಾಯಿತು?

ಪುಣೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಇಲ್ಲಿ ಇಂಥ ಮನೆಯವರು ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದಾರೆ. ಪಾರ್ಕಿನ್ಸನ್ಸ್ ಮಿತ್ರಮಂಡಳವಿದೆ. ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ನಿನಲ್ಲಿ ರೋಗಿಗಳ ಮನೆಯವರು ಕೂತು ಮಾತಾಡುತ್ತಾರೆ. 2004ರ ‘ದೇವರಾಈ’ ಸಿನಿಮಾ ನೋಡಿ. ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ ಅದರಲ್ಲಿ ಮನೋರೋಗಿ. ಎಲ್ಲರೂ ಅವರನ್ನು ಹೊಗಳುತ್ತಾರೆ, ನಾನು ನೋಡಿದ್ದು ಅವನ ಅಕ್ಕರೆಯ ತಂಗಿಯನ್ನು, ಅವಳ ಸೋತ ಮುಖವನ್ನು. ಅಂಥ ಒಂದು ಸಭೆಗೆ ನಾನೂ ಹೋದೆ. ಯಾರೂ ಪುಣ್ಯದ ಮಾತೆತ್ತಲಿಲ್ಲ. ‘ನಿಮಗೆ ಸಿಟ್ಟು ಬಂದು ಕೈ ಎತ್ತುವ ಹಾಗಾಗುತ್ತದೆಯೇ?’ ಎಂದು ಒಬ್ಬರು ಕೇಳಿದರು. ಹೌದು ಅಂದೆ. ಆರು ವರ್ಷದಲ್ಲಿ ಮೊದಲ ಸಲ ಅಂದೆ.

ಹೋಗಲು ಸಾಧ್ಯವಾದದ್ದು ಇಂಡಿ ತಾಲ್ಲೂಕಿನ ಒಬ್ಬ ಹೆಂಗಸಿನಿಂದ. ಪಕ್ಕದ ಕಟ್ಟಡದ ವಾಚ್‌ಮನ್ನನ ಹೆಂಡತಿ. ಗುರುವಾರ ಮಧ್ಯಾಹ್ನ ಬಂದು ಕೂಡುತ್ತಾಳೆ. ದುಡ್ಡು ಕೊಡುತ್ತೇನೆ, ಅದು ಅವಳ ದುಡಿಮೆ. ಅತ್ತೆಗೆ ಅವಳು ಯಾರೆಂದು ಗೊತ್ತಿಲ್ಲ, ಆದರೆ ಬಿಳಿಜೋಳ, ಎಳ್ಳಮಾಸಿ, ಭೀಮಾ ನದಿ ಅಂದರೆ ಗೊತ್ತು. ಸುಮಿತ್ರಾ ಭಾವೆ, ಸುನೀಲ ಸುಕ್ತಣಕರ್ ಅವರ ‘ಅಸ್ತು’ ಸಿನಿಮಾದಲ್ಲಿ ನೆನಪು ಕಳೆದುಕೊಂಡ ಸಂಸ್ಕೃತ ಪಂಡಿತರನ್ನು ಆನೆಯವನ ಹೆಂಡತಿ ಚೆನ್ನಮ್ಮ ಮಗುವಿನಂತೆ ನೋಡಿಕೊಳ್ಳುತ್ತಾಳೆ. ಪುಣೆಯ ಕನ್ನಡದ ದೊಡ್ಡ ಮನೆಗಳವರು ಕೊಡದ ನಾಲ್ಕು ತಾಸನ್ನು ನನಗೂ ಒಬ್ಬ ಚೆನ್ನಮ್ಮನೇ ಕೊಟ್ಟಳು.

ಊರಲ್ಲಿರುವ ನಿಮಗೆ ಹೇಳುವುದು ಇಷ್ಟೇ. ಭಾನುವಾರದ ಫೋನ್ ಬೇಡ. ರಾತ್ರಿ ಬಸ್ ಹತ್ತಿದರೆ ಬೆಳಗಾಗುವುದರೊಳಗೆ ಸ್ವಾರಗೇಟ್ ಬರುತ್ತದೆ. ಬನ್ನಿ, ನಾಲ್ಕು ತಾಸು ಕೂಡಿ, ನನ್ನನ್ನು ಹೊರಗೆ ಕಳಿಸಿ.

ಇದನ್ನೇ ಜಗಳವಾಡಿ ಹೇಳಿದ ಮೇಲೆ ಈ ದೀಪಾವಳಿಗೆ ನಾದಿನಿ ಬಂದಳು. ನಾನು ಲಕ್ಷ್ಮೀ ರೋಡಿಗೆ ಹೋದೆ, ಏನೂ ಕೊಳ್ಳದೆ ತಿರುಗಾಡಿದೆ. ಮೂರೂವರೆಗೆ ಫೋನ್ ಬಂತು. ‘ವೈನಿ, ನೀ ಯಾರವ್ವಾ ಅಂತ ಅವ್ವ ಐದನೇ ಸಲ ಕೇಳಾಕತ್ತಾಳ. ಯಾವಾಗ ಬರ್ತೀರಿ?’ ಧ್ವನಿ ನಡುಗುತ್ತಿತ್ತು.

‘ಆರಕ್ಕೆ ಬರ್ತೀನಿ,’ ಅಂದೆ.